ಒಂದು ಮುಖಕ್ಕೆ ಎಷ್ಟು ಬ್ರಷ್ಷು?

ಯುಗಾದಿಗೆ ಮುಂಚಿನ ವಾರದಲ್ಲಿ ಮನೆಯ ಮೂಲೆಮೂಲೆಯನ್ನೂ ಗುಡಿಸಿ ಸಾರಿಸಿ ಶುಚಿಗೊಳಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. 2011ರ ಯುಗಾದಿಯ ಸಂದರ್ಭದಲ್ಲಿ, ಕೃಷ್ಣರಾಜನಗರದ ನಮ್ಮ ಮನೆಯ ಬಚ್ಚಲಿನ ಗೂಡು, ಅದರ ಪಕ್ಕದ ಮರದ ಬೀರು, ಬೀರುವಿನ ಮೇಲಿದ್ದ ಬಿಸ್ಕತ್ತಿನ ಹಳೆಯ ಡಬ್ಬಿ ಇವುಗಳೊಳಗಿಂದ ಹೊರಬಂದ ಒಂದು ಬಗೆಯ ವಸ್ತುಗಳನ್ನೆಲ್ಲ ನಮ್ಮ ಮನೆಯವರು ಒಟ್ಟುಗೂಡಿಸಿ, ಮೊರದಲ್ಲಿ ಹರಡಿ, ಜಗಲಿಯ ಬಿಸಿಲಿಗೆ ಇಟ್ಟರು. ದಾರಿಯಲ್ಲಿ ಹೋಗುತ್ತಿದ್ದ ನೆರೆಮನೆಯ ಹಿರಿಯರೊಬ್ಬರು ನಿಂತು ನೋಡಿದರು. "ಏನ್ ಮೇಷ್ಟ್ರೇ, ರಿಟೈರ್ ಆದ್ಮೇಲೆ ಕ್ಷೌರದಂಗಡಿ ಇಡೋ ಯೋಚನೆಯೋ?" ಎಂದು ಕೇಳಿ ನಗುತ್ತಾ ಹೋದರು. ಮೊರದಲ್ಲಿ ಇದ್ದದ್ದು ಗಡ್ಡಕ್ಕೆ ಸಾಬೂನಿನ ನೊರೆ ಹಚ್ಚುವ ಬ್ರಷ್ಷುಗಳು. ನಮ್ಮ ಮನೆಯವರು ಎಣಿಸಿ ಹೇಳಿದ ಲೆಕ್ಕ 31.

ಅಂಚೆಚೀಟಿ ಕೂಡಿಸುವವರನ್ನೂ ಹಳೆಯ ನಾಣ್ಯ ಸಂಗ್ರಹಿಸುವವರನ್ನೂ ಓದುಗ ಬಂಧುಗಳು ಕಂಡಿರುತ್ತಾರೆ. ಅಂಥವರನ್ನು ಊರು ಗೌರವದಿಂದಲೇ ನೋಡುತ್ತದೆ. ಕ್ಷೌರದ ಬ್ರಷ್ಷುಗಳನ್ನು ಕೂಡಿಡುವವನಿಗೆ ಆ ಭಾಗ್ಯವಿಲ್ಲ. ಅಂದು ನೆರೆಯವರ ಮಾತಿಗೆ ನಮಗೆ ನಾಚಿಕೆಯಾದದ್ದು ನಿಜ. ಸಂಗ್ರಹ ಅತಿಯಾಯಿತೆಂಬ ಕಾರಣಕ್ಕೆ ಹುಟ್ಟಿದ ನಾಚಿಕೆಯೋ, ನಮ್ಮನ್ನು ಕ್ಷೌರಿಕರಿಗೆ ಹೋಲಿಸಿದರೆಂಬ ಕಾರಣಕ್ಕೆ ಹುಟ್ಟಿದ್ದೋ ಎಂದು ಆ ರಾತ್ರಿ ಮಲಗಿ ಯೋಚಿಸಿದಾಗ ದೊರೆತ ಉತ್ತರ ನಮಗೆ ಅಷ್ಟು ಹಿತವಾಗಿರಲಿಲ್ಲ.

ನಮ್ಮ ಹುಟ್ಟೂರು ಚುಂಚನಕಟ್ಟೆಯ ಕಡೆಯ ಒಂದು ಸಣ್ಣ ಗ್ರಾಮ. ಕಾವೇರಿಯ ನಾಲೆಗಳ ನೀರಿನಿಂದ ಭತ್ತ ಬೆಳೆಯುವ ಸೀಮೆ. 1950ರ ದಶಕದ ನಮ್ಮ ಬಾಲ್ಯದಲ್ಲಿ ಊರಿನ ಕ್ಷೌರಿಕರು ಹದಿನೈದು ದಿನಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ಆ ಕೆಲಸಕ್ಕೆ ಕೈಗೆ ಕಾಸು ಕೊಡುವ ರೂಢಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಬಳಿಗೆ ಅವರು ಬಂದರೆ ಮನೆಗೆ ಇಷ್ಟು ಕೊಳಗವೆಂದು ಭತ್ತ ಅಳೆದುಕೊಡುವುದು, ಹಬ್ಬಕ್ಕೆ ಒಬ್ಬಟ್ಟು ಕಟ್ಟಿಕೊಡುವುದು, ಮದುವೆಯಲ್ಲಿ ಒಂದು ಪಂಚೆ ಹೊದಿಸುವುದು, ಇಷ್ಟೇ ಲೆಕ್ಕ. ಅವರ ತಗಡಿನ ಪೆಟ್ಟಿಗೆಯೊಳಗೆ ಎರಡು ಕತ್ತಿ, ಒಂದು ಸಾಣೆಕಲ್ಲು, ಕತ್ತಿ ಮಸೆಯುವ ಚರ್ಮದ ಪಟ್ಟಿ, ಉಗುರು ತೆಗೆಯುವ ಉಳಿ, ಹಿತ್ತಾಳೆಯ ಪುಟ್ಟ ಬಟ್ಟಲು, ಮತ್ತು ಕಪ್ಪು ಕೂದಲಿನ ಒಂದು ಬ್ರಷ್ಷು ಇರುತ್ತಿದ್ದವು. ಬಟ್ಟಲಿನಲ್ಲಿ ಸಾಬೂನಿನ ತುಂಡಿಟ್ಟು, ಹಂಡೆಯ ಬಿಸಿನೀರು ಹನಿಸಿ, ಅವರು ಬ್ರಷ್ಷನ್ನು ತಿರುಗಿಸುತ್ತಿದ್ದ ಹಾಗೆ ನೊರೆ ಉಕ್ಕಿ ಬರುತ್ತಿತ್ತು. ಹಾಲು ಕಾಯುವುದನ್ನು ನೋಡುವ ಬೆಕ್ಕಿನ ಹಾಗೆ ನಾವು ಅದನ್ನು ನೋಡುತ್ತಾ ಕುಳಿತಿರುತ್ತಿದ್ದೆವು. ಕೊನೆಯಲ್ಲಿ ಉಳಿದ ನೊರೆಯನ್ನು ನಮ್ಮ ಮೂಗಿನ ತುದಿಗೆ ಹಚ್ಚುವುದು ಅವರ ವಾಡಿಕೆ. ಅದಕ್ಕಾಗಿಯೇ ನಾವು ಕಾಯುತ್ತಿದ್ದುದು.

ಇದೆಲ್ಲವೂ ನಡೆಯುತ್ತಿದ್ದದ್ದು ದನದ ಕೊಟ್ಟಿಗೆಯ ಮುಂದೆ. ಪಡಸಾಲೆಗೆ ಅವರನ್ನು ಕರೆದ ನೆನಪು ನಮಗಿಲ್ಲ. ಬಸವಣ್ಣನವರ ಬಾಗಿಲಲ್ಲಿ ಹಡಪ ಹಿಡಿದು ನಿಂತು, ಅವರನ್ನು ಕಾಣಬಂದವರು ಮೊದಲು ಕಾಣಬೇಕಾಗಿದ್ದ ಶರಣರು ಹಡಪದ ಅಪ್ಪಣ್ಣನವರು. ಅವರೂ ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರರು. 'ಹಡಪ' ಎಂಬ ಪದಕ್ಕೆ ಎಲೆಯಡಿಕೆಯ ಸಂಚಿ ಎಂಬ ಅರ್ಥವೂ ಕ್ಷೌರಿಕರ ಚೀಲವೆಂಬ ಅರ್ಥವೂ ನಮ್ಮ ನುಡಿಯಲ್ಲಿ ಉಂಟು. ಇಷ್ಟನ್ನೂ ಬಸವ ಜಯಂತಿಯ ವೇದಿಕೆಯ ಮೇಲೆ ನಿಂತು ನಾವು ಎಷ್ಟೋ ಸಲ ಹೇಳಿದ್ದೇವೆ, ಚಪ್ಪಾಳೆಯನ್ನೂ ಪಡೆದಿದ್ದೇವೆ. ಕೊಟ್ಟಿಗೆಯ ಮಾತನ್ನು ಮಾತ್ರ ಆ ವೇದಿಕೆಯಲ್ಲಿ ಎಂದೂ ಹೇಳಿದವರಲ್ಲ.

1963ರಲ್ಲಿ ನಮ್ಮ ತಂದೆಯವರು ಮೈಸೂರಿಗೆ ಹೋಗಿ ಒಂದು ಸೇಫ್ಟಿ ರೇಜರನ್ನೂ, ಕೆಂಪು ಬಣ್ಣದ ಹಿಡಿಯ ಒಂದು ಬ್ರಷ್ಷನ್ನೂ ಕೊಂಡು ತಂದರು. ಅಮೆರಿಕದ ಜಿಲೆಟ್ ಎಂಬಾತ ತೆಳುವಾದ ಬ್ಲೇಡಿನ ರೇಜರಿಗೆ ಹಕ್ಕುಪತ್ರ ಪಡೆದದ್ದು 1904ರಲ್ಲಿ. ಅದು ನಮ್ಮ ಊರನ್ನು ಮುಟ್ಟಲು ಅರವತ್ತು ವರ್ಷ ಹಿಡಿಯಿತು. ಆಧುನಿಕರಾದೆವೆಂಬ ಹೆಮ್ಮೆ ತಂದೆಯವರಿಗೆ. ಮನೆಗೆ ಬರುವ ಕ್ಷೌರಿಕರಿಗೆ ತಲೆಯ ಕೂದಲಿನ ಕೆಲಸವಷ್ಟೇ ಉಳಿಯಿತು. ಸುಗ್ಗಿಯ ಕೊಳಗದ ಲೆಕ್ಕವೂ ಅದಕ್ಕೆ ತಕ್ಕಂತೆ ಇಳಿಯಿತು. ಅವರು ಏನೂ ಅನ್ನಲಿಲ್ಲ.

ತಂದೆಯವರು 1989ರಲ್ಲಿ ಲಿಂಗೈಕ್ಯರಾದರು. ಪಡಸಾಲೆಯಲ್ಲಿ ಅವರ ಭಾವಚಿತ್ರದ ಕೆಳಗಿನ ಹಲಗೆಯ ಮೇಲೆ ಅವ್ವ ಅವರ ಕನ್ನಡಕವನ್ನೂ, ಓದುತ್ತಿದ್ದ ವಚನದ ಪುಸ್ತಕವನ್ನೂ, ಆ ಕೆಂಪು ಹಿಡಿಯ ಬ್ರಷ್ಷನ್ನೂ ಇಟ್ಟರು. ಪ್ರತಿದಿನ ಲಿಂಗಪೂಜೆಯಾದ ಮೇಲೆ ಭಾವಚಿತ್ರಕ್ಕೆ ವಿಭೂತಿ ಹಚ್ಚಿ, ಹಲಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು. ಬ್ರಷ್ಷಿನ ಕೂದಲು ಬಾಗಬಾರದೆಂದು ಅದನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ನಾವು ಅದಕ್ಕೆ ಕೈಹಾಕುವಂತಿರಲಿಲ್ಲ. ಅಂಥದೇ ಇನ್ನೊಂದು ನಮಗೆ ಬೇಕೆನಿಸಿತು. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿ ಹುಡುಕಿದೆವು. ಕೆಂಪು ಹಿಡಿ ಸಿಕ್ಕಲಿಲ್ಲ, ಹಳದಿಯದು ಸಿಕ್ಕಿತು. ಮುಂದಿನ ತಿಂಗಳು ಇನ್ನೊಂದು ಕಂಡಿತು. ಸಂಗ್ರಹವೆಂಬುದು ಹೀಗೆ ಶುರುವಾಗುತ್ತದೆ. ಕಳೆದದ್ದನ್ನು ಹುಡುಕಲು ಹೊರಟವನು ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳುತ್ತಾನೆ.

1992ರಲ್ಲಿ ಊರಿನ ಆ ವೃದ್ಧ ಕ್ಷೌರಿಕರು ಕಾಯಿಲೆ ಬಿದ್ದರೆಂದು ಕೇಳಿ ನೋಡಲು ಹೋಗಿದ್ದೆವು. ಹಾಸಿಗೆಯ ಪಕ್ಕದಲ್ಲೇ ಆ ತಗಡಿನ ಪೆಟ್ಟಿಗೆ ಇತ್ತು. ನಮ್ಮ ಕಣ್ಣು ಅದರ ಮೇಲೆ ಹೋಯಿತು. ಬಾಲ್ಯದ ನೆನಪಿಗೆ ಆ ಬ್ರಷ್ಷನ್ನು ಕೊಡುವಿರಾ ಎಂದು ಕೇಳಿಯೇಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗಳಿ ಬುದ್ಧಿ, ಅದು ನಿಮ್ದೇ" ಎಂದರು. ನಾವು ಇಪ್ಪತ್ತು ರೂಪಾಯಿ ಅವರ ಕೈಯಲ್ಲಿಟ್ಟು ಬಂದೆವು. ಉದಾರವಾಗಿ ನಡೆದುಕೊಂಡೆವೆಂಬ ತೃಪ್ತಿ ಆಗ ನಮಗಿತ್ತು. ಅದು ನಿಮ್ಮದೇ ಎಂದು ಅವರು ಏಕೆ ಹೇಳಿದರು ಎಂಬುದನ್ನು ವಿಚಾರಿಸಲಿಲ್ಲ. ದೊಡ್ಡವರ ಮನೆಯವರ ಮುಂದೆ ಆಡುವ ವಿನಯದ ಮಾತೆಂದುಕೊಂಡೆವು.

ಮುಂದಿನ ನಾಲ್ಕು ವರ್ಷಗಳಲ್ಲಿ ನಮ್ಮ ಚಪಲ ಮಿತಿ ಮೀರಿತು. ಪರೀಕ್ಷೆಯ ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಹೋದರೆ ಒಂದು, ನೆಂಟರ ಮದುವೆಗೆ ಮುಂಬಯಿಗೆ ಹೋದರೆ ಎರಡು. ಮಿಕ್ಸಿಯ ಜಾರು ಒಡೆದು ನಮ್ಮ ಮನೆಯವರು ಒರಳಿನಲ್ಲಿ ರುಬ್ಬುತ್ತಿದ್ದ ತಿಂಗಳಲ್ಲಿಯೂ ನಾವೊಂದು ವಿದೇಶಿ ಬ್ರಷ್ಷಿಗೆ ಹಣ ತೆತ್ತಿದ್ದೇವೆ. ಆ ತಿಂಗಳು ಯಾವುದೆಂದು ನಮಗೆ ಮರೆತಿದೆ, ಅವರಿಗೆ ಮರೆತಿಲ್ಲ.

ಈ ವಸ್ತುವಿನಲ್ಲಿ ಅಂಥದೇನಿದೆ ಎಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಬ್ರಷ್ಷಿನ ಕೆಲಸ ನೊರೆ ಹಚ್ಚುವುದಷ್ಟೇ ಅಲ್ಲ. ಅದು ಬಿಸಿನೀರನ್ನು ಹಿಡಿದಿಟ್ಟುಕೊಂಡು ಮುಖಕ್ಕೆ ಮುಟ್ಟಿಸುತ್ತದೆ, ಮಲಗಿದ ಗಡ್ಡದ ಕೂದಲನ್ನು ಎಬ್ಬಿಸಿ ನಿಲ್ಲಿಸುತ್ತದೆ, ನೀರು ಕುಡಿದ ಕೂದಲು ಮೆತ್ತಗಾಗಿ ಬ್ಲೇಡಿಗೆ ಸುಲಭವಾಗಿ ಒಗ್ಗುತ್ತದೆ. ಕೂದಲಿನ ಕಟ್ಟನ್ನು ಬುಡದಲ್ಲಿ ಬಿಗಿದು ಅಂಟಿನಿಂದ ಹಿಡಿಯೊಳಗೆ ಕೂರಿಸಿರುತ್ತಾರೆ. ಆ ಬುಡ ಸಡಿಲವಾದರೆ ಪ್ರತಿದಿನ ಕೆನ್ನೆಯ ಮೇಲೆ ಎರಡು ಕೂದಲು ಉದುರುತ್ತವೆ. ಕುದಿಯುವ ನೀರಿನಲ್ಲಿ ಅದ್ದಿದರೆ ಅಂಟು ಬಿಡುತ್ತದೆ. ಉಪಯೋಗಿಸಿದ ಮೇಲೆ ಚೆನ್ನಾಗಿ ತೊಳೆದು, ಝಾಡಿಸಿ, ಗಾಳಿಯಾಡುವ ಕಡೆ ಇಡದಿದ್ದರೆ ಬುಡದಲ್ಲಿ ಬೂಷ್ಟು ಹಿಡಿಯುತ್ತದೆ. ಒದ್ದೆ ಬ್ರಷ್ಷನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಪ್ರಯಾಣ ಮಾಡುವವರು ಇದನ್ನು ಗಮನಿಸಬೇಕು. ತುದಿಯನ್ನು ಯಾರೂ ಕತ್ತರಿಯಿಂದ ಸಮ ಮಾಡುವುದಿಲ್ಲ. ಕತ್ತರಿಸಿದ ತುದಿ ಮುಖಕ್ಕೆ ಚುಚ್ಚುತ್ತದೆ, ಹುಟ್ಟಿನಿಂದ ಬಂದ ತುದಿಯೇ ಮೃದು.

ಇನ್ನು ಕೂದಲು ಯಾವುದು ಎಂಬ ಪ್ರಶ್ನೆ. ನಾವು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವರು. ಹಿಡಿಗಳ ಮೇಲೆ 'ಪ್ಯೂರ್ ಬ್ರಿಸಲ್' ಎಂದು ಅಚ್ಚಾಗಿದ್ದುದನ್ನು ನೂರು ಸಲ ಓದಿದ್ದೆವು. ಶುದ್ಧ ಎಂಬ ಪದ ಕಂಡೊಡನೆ ಮನಸ್ಸು ನೆಮ್ಮದಿಗೊಂಡು ಮುಂದಿನ ಪದದ ಅರ್ಥವನ್ನು ಕೇಳಲಿಲ್ಲ.

1996ರ ಬೇಸಿಗೆ ರಜೆಯಲ್ಲಿ ಸಂಸಾರಸಮೇತ ಕಾಶಿಯಾತ್ರೆ ಮಾಡಿದೆವು. ನಮ್ಮ ಕಡೆಯ ಭಕ್ತರೆಲ್ಲ ಇಳಿದುಕೊಳ್ಳುವಂತೆ ಜಂಗಮವಾಡಿ ಮಠದಲ್ಲಿ ಇಳಿದುಕೊಂಡಿದ್ದೆವು. ಅವ್ವನೂ ನಮ್ಮ ಮನೆಯವರೂ ವಿಶ್ರಮಿಸುತ್ತಿದ್ದ ಒಂದು ಮಧ್ಯಾಹ್ನ ನಾವು ಗೋದೌಲಿಯಾದ ಪೇಟೆಯಲ್ಲಿ ಸುತ್ತಾಡಲು ಹೋಗಿ ಒಂದು ಬ್ರಷ್ಷನ್ನು ಕೊಂಡೆವು. ಬೆಲೆಯಲ್ಲಿ ಚೌಕಾಶಿ ಮಾಡಿದಾಗ ಅಂಗಡಿಯವನು ಅದರ ಕೂದಲನ್ನು ಹೆಬ್ಬೆರಳಿನಿಂದ ತೀಡಿ ತೋರಿಸಿ, ಇದು ಕಾನಪುರದ ಮಾಲು, "ಅಸಲಿ ಸೂವರ್ ಕಾ ಬಾಲ್, ಸಾಬ್" ಎಂದ. ನಮ್ಮ ಹಿಂದಿ ಅಷ್ಟಕ್ಕಷ್ಟೇ. ಆದರೆ ಸೂವರ್ ಎಂದರೆ ಹಂದಿ ಎಂದು ತಿಳಿಯದಷ್ಟು ಕಡಿಮೆಯೇನಲ್ಲ.

ಕಾನಪುರವು ಹಂದಿಗೂದಲಿನ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾದ ಊರು. ಅದೇ ರಾಜ್ಯದ ಬಿಜನೂರು ಜಿಲ್ಲೆಯ ಶೇರಕೋಟವು ಬಣ್ಣದ ಬ್ರಷ್ಷುಗಳ ಕಸುಬಿಗೆ ಪ್ರಸಿದ್ಧ. ಇವೆಲ್ಲ ನಾವು ಆಮೇಲೆ ತಿಳಿದುಕೊಂಡದ್ದು. ಅಂದು ಮಾತ್ರ ಕೈಯಲ್ಲಿದ್ದ ಪೊಟ್ಟಣವನ್ನು ಎಸೆಯಲೂ ಆಗದೆ ಹಿಡಿಯಲೂ ಆಗದೆ ಬಿಸಿಲಿನಲ್ಲಿ ನಿಂತಿದ್ದೆವು. ಮಾಂಸದ ವಾಸನೆ ಬಂದರೆ ಮೂಗು ಮುಚ್ಚಿ ನಡೆಯುವ ಮನೆತನ ನಮ್ಮದು. ತಂದೆಯವರು ಇಪ್ಪತ್ತಾರು ವರ್ಷ ಆ ಕೂದಲನ್ನು ಮುಖಕ್ಕೆ ಉಜ್ಜಿಕೊಂಡು, ಆಮೇಲೆ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತರು. ಅದೇ ಬ್ರಷ್ಷು ಅವರ ಭಾವಚಿತ್ರದ ಕೆಳಗೆ ನಿಂತಿದೆ, ಅವ್ವ ದಿನವೂ ಅದರ ಧೂಳು ಒರೆಸುತ್ತಾರೆ. ಮಠಕ್ಕೆ ಹಿಂದಿರುಗಿ ಪೊಟ್ಟಣವನ್ನು ಚೀಲದ ತಳದಲ್ಲಿ ಅಡಗಿಸಿದೆವು. ಯಾರಿಗೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಶಾಲೆಯ ಭೂತಗನ್ನಡಿ, ಸೂಕ್ಷ್ಮದರ್ಶಕಗಳ ನೆರವಿನಿಂದ ಸಂಜೆಯ ಹೊತ್ತು ಒಂದೊಂದನ್ನೇ ಪರೀಕ್ಷಿಸಿದೆವು. ಹಂದಿಗೂದಲಿನ ತುದಿ ಎರಡಾಗಿ ಮೂರಾಗಿ ಸೀಳಿರುತ್ತದೆ. ಉಪಯೋಗಿಸಿದಷ್ಟೂ ಸೀಳು ಹೆಚ್ಚುತ್ತದೆ, ಆದ್ದರಿಂದಲೇ ಆ ಬ್ರಷ್ಷು ಹಳತಾದಂತೆ ಮೃದುವಾಗುತ್ತದೆ. ನೈಲಾನಿನ ಎಳೆಯನ್ನು ಸುಟ್ಟರೆ ಕರಗಿ ಮಣಿಯಾಗುತ್ತದೆ, ಕೂದಲು ಸುಟ್ಟರೆ ಕೂದಲಿನ ಕಮಟು ವಾಸನೆಯೇ ಬರುತ್ತದೆ. ತಂದೆಯವರ ಬ್ರಷ್ಷಿನ ಎಳೆಯೊಂದನ್ನು ಅವ್ವ ನಿದ್ದೆ ಹೋದ ಮೇಲೆ ಕಿತ್ತು ನೋಡಿದೆವು. ತುದಿ ಸೀಳಿತ್ತು. ವೃದ್ಧ ಕ್ಷೌರಿಕರ ಬ್ರಷ್ಷಿನದು ಮಾತ್ರ ಬೇರೆಯಾಗಿ ಕಂಡಿತು. ಸೀಳಿಲ್ಲದ, ನುಣುಪಾದ, ಬಾಗುವ ಕಪ್ಪು ಕೂದಲು. ಕುದುರೆಯ ಬಾಲದ್ದಿರಬೇಕೆಂದು ತೀರ್ಮಾನಿಸಿ, ಚೀಟಿ ಬರೆದು ಅಂಟಿಸಿದೆವು. ಹಳ್ಳಿಯ ಬಡ ಕ್ಷೌರಿಕರೊಬ್ಬರು ಅಗ್ಗದ್ದನ್ನು ಬಿಟ್ಟು ಕುದುರೆಗೂದಲಿನದನ್ನು ಏಕೆ ಇಟ್ಟುಕೊಂಡಿದ್ದರು ಎಂಬ ಪ್ರಶ್ನೆ ಮಾತ್ರ ವಿಜ್ಞಾನದ ಮೇಷ್ಟರ ತಲೆಗೆ ಹೊಳೆಯಲಿಲ್ಲ.

ಕುದುರೆಗೂದಲಿನ ಬ್ರಷ್ಷುಗಳಿಗೆ ಒಂದು ಕರಾಳ ಚರಿತ್ರೆಯೂ ಇದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯ ಉತ್ತಮ ಕೂದಲು ದುರ್ಲಭವಾಗಿ, ಅದರಂತೆಯೇ ಕಾಣುವ ಹಾಗೆ ಮಾಡಿದ ಕುದುರೆಗೂದಲನ್ನು ಬ್ರಷ್ಷುಗಳಿಗೆ ಬಳಸಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಲ್ಲಿ, ನಮ್ಮ ರೈತರು ನೆರಡಿ ರೋಗವೆನ್ನುವ ಅಂತ್ರಾಕ್ಸ್‌ನ ಬೀಜಾಣುಗಳು ಸೇರಿಕೊಂಡಿದ್ದವು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಸೈನಿಕರೂ ನಾಗರಿಕರೂ ಗಡ್ಡ ತೆಗೆಯುವಾಗ ಆದ ಸಣ್ಣ ಗಾಯದ ಮೂಲಕ ರೋಗ ಹತ್ತಿ ಸತ್ತರು. 1920ರಲ್ಲಿ ಬ್ರಿಟನ್ ಸರ್ಕಾರವು ಜಪಾನಿನಿಂದ ಬರುವ ಕ್ಷೌರದ ಬ್ರಷ್ಷುಗಳನ್ನೇ ನಿಷೇಧಿಸಿತು. ಆ ಬ್ಯಾಡ್ಜರ್ ನಮ್ಮ ಕಾಡಿನ ತರಕರಡಿಯ ದೂರದ ಬಂಧು. ಇಂದು ಅದರ ಕೂದಲು ಹೆಚ್ಚಾಗಿ ಚೀನಾದಿಂದ ಬರುತ್ತದೆ. ನೀರು ಹಿಡಿಯುವುದರಲ್ಲಿ ಅದನ್ನು ಮೀರಿಸುವುದಿಲ್ಲವೆಂದು ಬಲ್ಲವರ ಅಭಿಪ್ರಾಯ. ಜರ್ಮನಿಯಲ್ಲಿರುವ ನಮ್ಮ ಮಗ 2008ರಲ್ಲಿ ಅಂಥದೊಂದನ್ನು ತಂದುಕೊಟ್ಟಾಗ, ಆ ಬೂದುಬಣ್ಣದ ಮೃದುತ್ವಕ್ಕೆ ನಾವು ಮಾರುಹೋದದ್ದುಂಟು. ಕೂದಲಿಗಾಗಿ ಪ್ರಾಣಿಯನ್ನು ಕೊಲ್ಲುತ್ತಾರೆಂಬುದು ತಿಳಿದೂ ಇನ್ನೂ ಮೂರನ್ನು ತರಿಸಿಕೊಂಡೆವು. ಹಂದಿಯದು ತಿಳಿದೂ ಬಿಡದವನಿಗೆ ಬ್ಯಾಡ್ಜರಿನದು ಎಷ್ಟರದು?

ಇಷ್ಟು ಹೇಳಿದ ಮೇಲೆ ಮತ್ತೆ ಮೊರದ ಬಳಿಗೆ ಬರಬೇಕು. ಹಂದಿಗೂದಲಿನವು 19, ಬ್ಯಾಡ್ಜರಿನವು 4, ನೈಲಾನು ಮೊದಲಾದ ಕೃತಕ ಎಳೆಯವು 7, ಕುದುರೆಯದು 1. ಜಗಲಿಯಲ್ಲಿ ಅವ್ವ ಬತ್ತಿ ಹೊಸೆಯುತ್ತಾ ಕುಳಿತಿದ್ದರು. ರಜೆಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗಳು ಹಿಡಿಗಳ ಮೇಲಿನ ಅಕ್ಷರಗಳನ್ನು ಓದುತ್ತಾ ಓದುತ್ತಾ ಒಳಗೆ ಓಡಿ, ನಿಘಂಟು ತಂದು ಹಾಳೆ ತಿರುವಿ, "ತಾತಾ, ಬ್ರಿಸಲ್ ಅಂದ್ರೆ ಹಂದಿ ಕೂದಲಂತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಅವ್ವನ ಕೈಯಲ್ಲಿದ್ದ ಹತ್ತಿ ಅಲ್ಲಿಯೇ ನಿಂತಿತು. "ನಿಂಗೆ ಗೊತ್ತಿತ್ತೇನಪ್ಪ?" ಎಂದರು.

"ಗೊತ್ತಿತ್ತವ್ವ."

"ಯಾವಾಗಿಂದ?"

"ಕಾಶಿಗೆ ಹೋದಾಗಿಂದ."

ಅವ್ವ ಬೆರಳು ಮಡಿಸಿ ಎಣಿಸಿದರು. ಹದಿನೈದು ವರ್ಷ. "ನಿಮ್ಮಪ್ಪಾಜಿ ತಿಳೀದೆ ಹಚ್ಕೊಂಡ್ರು. ನೀನು ತಿಳಿದೂ ಬಚ್ಚಿಟ್ಟೆ. ನನ್ನ ಕೈಲಿ ದಿನಾ ಒರೆಸಿಸ್ದೆ" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾವು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆವು. ಎದ್ದು ಒಳಗೆ ಹೋಗಿ ಹಲಗೆಯ ಮೇಲಿನ ಕೆಂಪು ಹಿಡಿಯ ಬ್ರಷ್ಷನ್ನು ತೆಗೆದರು. ಬಿಸಾಡುವರೆಂದು ನಾವು ಭಾವಿಸಿದೆವು. ಬಚ್ಚಲಿಗೆ ಒಯ್ದು ತಾವೇ ತೊಳೆದು, ತಂದೆಯವರ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತಮ್ಮ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಪಕ್ಕದಲ್ಲಿ ಇಟ್ಟು ಬೀಗ ಹಾಕಿದರು. ಆಮೇಲೆ ಹೊರಗೆ ಬಂದು ಮೊರವನ್ನೊಮ್ಮೆ ನೋಡಿ, "ಇರೋದು ಒಂದು ಮುಖ. ಇಷ್ಟು ಯಾಕೆ?" ಎಂದು ಕೇಳಿ, ಮತ್ತೆ ಬತ್ತಿ ಹೊಸೆಯಲು ಕುಳಿತರು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ನಾವು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಅಕ್ಕಿಯಾದರೂ ಅನ್ನವಾಗಿ ನಾಲ್ವರ ಹೊಟ್ಟೆ ಸೇರುವ ಪದಾರ್ಥ.

ಮಿತಿ ಹಾಕಿಕೊಳ್ಳುವುದು ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು, ಹೊಸದೊಂದು ಬಂದರೆ ಹಳೆಯದೊಂದು ಹೋಗತಕ್ಕದ್ದು ಎಂಬ ನಿಯಮ ಮಾಡಿಕೊಂಡೆವು. ಅದರಿಂದ 31 ಎಂಬುದು 31 ಆಗಿಯೇ ಉಳಿಯಿತು, ಹೊಸದು ಕೊಳ್ಳಲು ಒಂದು ನೆಪವೂ ದೊರೆಯಿತು. ಆಮೇಲೆ, ತಿಂಗಳಿಗೊಮ್ಮೆಯಾದರೂ ಉಪಯೋಗಿಸದ್ದು ಮನೆಯಲ್ಲಿರಕೂಡದು ಎಂದು ಮಾಡಿದೆವು. ಒಂದು ತಿಂಗಳ ಕಾಲ ದಿನಕ್ಕೊಂದರಂತೆ ಉಪಯೋಗಿಸಿ ಎಲ್ಲವನ್ನೂ ಉಳಿಸಿಕೊಂಡೆವು. ಸೋಮವಾರ ಗಡ್ಡ ತೆಗೆಯಬಾರದೆಂಬ ಮನೆಯ ಕಟ್ಟನ್ನೂ ಆ ತಿಂಗಳು ಮುರಿದೆವು. ನಮ್ಮ ಮನೆಯವರು ಇದನ್ನೆಲ್ಲ ನೋಡುತ್ತಿದ್ದು, "ನಿಯಮ ಬೇಡ ರೀ, ಒಂದು ಸಂಖ್ಯೆ ಹೇಳಿ" ಎಂದರು. ಮೂರು ಎಂದೆವು. ಏಕೆ ಮೂರು ಎಂದು ಅವರೂ ಕೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಬಚ್ಚಲಿನ ಗೂಡಿನಲ್ಲಿ ಒಂದರ ಪಕ್ಕ ಒಂದು ಗಾಳಿಯಾಡುವಂತೆ ನಿಲ್ಲುವುದು ಮೂರೇ, ಅಷ್ಟೇ ಕಾರಣ.

ಕೊಡುವುದೂ ಸುಲಭವಲ್ಲ. ಒಬ್ಬರ ಮುಖಕ್ಕೆ ಹಚ್ಚಿದ್ದನ್ನು ಇನ್ನೊಬ್ಬರ ಮುಖಕ್ಕೆ ಕೊಡಬಾರದು. ಪೇಟೆಯ ಅಕ್ಕಸಾಲಿಗ ಮಿತ್ರರೊಬ್ಬರು ಒಡವೆಯನ್ನು ಅಂಟುವಾಳದ ನೀರಿನಲ್ಲಿ ತೊಳೆಯಲು ಗಟ್ಟಿ ಕೂದಲಿನದೇ ಒಳ್ಳೆಯದೆಂದು ಎಂಟನ್ನು ಕೇಳಿ ಪಡೆದರು. ಹೊಲಿಗೆ ಯಂತ್ರ ದುರಸ್ತಿ ಮಾಡುವವರೊಬ್ಬರು ಧೂಳು ತೆಗೆಯಲು ಐದನ್ನು ಒಯ್ದರು. ಒಮ್ಮೆಯೂ ನೀರು ಕಾಣದೆ ಡಬ್ಬಿಯಲ್ಲಿಯೇ ಇದ್ದ ಎರಡು ಬ್ಯಾಡ್ಜರುಗಳನ್ನು ಮಗ ವಾಪಸ್ಸು ತೆಗೆದುಕೊಂಡು ಹೋದ. ಉಳಿದವು ಹೀಗೆಯೇ ಒಂದೊಂದು ದಾರಿ ಹಿಡಿದವು. ಒಂದು ಮಾತ್ರ ಮುಂಬಯಿಯದು, ಅದನ್ನು ಕೊಟ್ಟ ದಿನ ಊಟ ಸೇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ಅವ್ವ 2016ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ನಮ್ಮಲ್ಲಿ ಮೂರೇ ಉಳಿದಿದ್ದವು. ದಿನಬಳಕೆಯ ಕೃತಕ ಎಳೆಯದು ಒಂದು. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರಿಂದ ಹಾಲೆಮರದಲ್ಲಿ ಕಡೆಯಿಸಿ, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡಿಸಿದ ಹಿಡಿಗೆ ಅಂಥದೇ ಎಳೆಯನ್ನು ಕೂರಿಸಿದ್ದು ಇನ್ನೊಂದು. ಅದರ ಬಣ್ಣ ಕೆಂಪು. ಮೂರನೆಯದು ಕುದುರೆಗೂದಲಿನದು. ಕೃತಕ ಎಳೆ ಈಗ ಬಹಳ ಸುಧಾರಿಸಿದೆ, ಬೇಗ ಒಣಗುತ್ತದೆ, ಉದುರುವುದಿಲ್ಲ. ನಮ್ಮಂಥ ಮನೆಗಳಿಗೆ ಅದೇ ಸಾಕೆಂದು ಕೇಳಿದವರಿಗೆಲ್ಲ ಹೇಳುತ್ತೇವೆ. ಟ್ರಂಕಿನೊಳಗಿನದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅದು ಅವ್ವನದು.

2020ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ಎಲ್ಲವೂ ಮುಚ್ಚಿದಾಗ ಕ್ಷೌರದಂಗಡಿಗಳೂ ಸುಮಾರು ಎರಡು ತಿಂಗಳು ಮುಚ್ಚಿದವು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಸುಮಾರು 2,30,000 ಕ್ಷೌರಿಕರಿಗೆ ಒಂದು ಬಾರಿಗೆ ತಲಾ 5,000 ರೂಪಾಯಿ ನೆರವನ್ನು ಘೋಷಿಸಿತು. ಪತ್ರಿಕೆಯಲ್ಲಿ ಅದನ್ನು ಓದುವಾಗ, ನಮ್ಮ ಊರಿನ ಆ ವೃದ್ಧರ ಮೊಮ್ಮಗ ಕೃಷ್ಣರಾಜನಗರದಲ್ಲಿಯೇ ಅಂಗಡಿ ಇಟ್ಟಿರುವುದು ನೆನಪಾಯಿತು. ಹಲವು ವರ್ಷಗಳಿಂದ ನಮ್ಮ ತಲೆಗೂದಲು ಕತ್ತರಿಸುತ್ತಿದ್ದವನು ಅವನೇ. ಅಂಗಡಿಗಳು ತೆರೆದ ಮರುವಾರ, ಕುದುರೆಗೂದಲಿನ ಬ್ರಷ್ಷನ್ನು ಜೇಬಿನಲ್ಲಿಟ್ಟುಕೊಂಡು ಹೋದೆವು. ಬಾಯಿಗೆ ಮಾಸ್ಕು, ಕೈಗೆ ಗವುಸು ಹಾಕಿಕೊಂಡು ಅವನು ಕುಳಿತಿದ್ದ. ಗಿರಾಕಿಗಳಿರಲಿಲ್ಲ.

ಬ್ರಷ್ಷನ್ನು ಅವನ ಮುಂದಿಟ್ಟೆವು. ಅವನು ಹೆಬ್ಬೆರಳಿನಿಂದ ಕೂದಲನ್ನು ತೀಡಿ ನೋಡಿ, "ತಾತನ ಕುದುರೆ ಬ್ರಷ್ಷು! ಇದು ನಿಮ್ಮ ಹತ್ರ ಐತಾ ಮೇಷ್ಟ್ರೇ?" ಎಂದ.

ಕುದುರೆಯದೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆವು.

"ತಾತ ಹೇಳ್ತಿದ್ರು. ಎರಡು ಬ್ರಷ್ಷು ಇಟ್ಕೊಂಡಿದ್ರಂತೆ. ಊರಿಗೆಲ್ಲ ಒಂದು, ನಿಮ್ಮ ಬೀದಿಗೆ ಒಂದು. ಲಿಂಗ ಕಟ್ಟೋರ ಮುಖಕ್ಕೆ ಹಂದಿ ಕೂದಲು ಮುಟ್ಟಿಸಬಾರದು ಅಂತ ಇದನ್ನ ಮೈಸೂರಿಂದ ದುಡ್ಡು ಕೊಟ್ಟು ತರಿಸಿದ್ರಂತೆ. ಬೇರೆ ಯಾರಿಗೂ ಇದನ್ನ ಮುಟ್ಟಿಸ್ತಿರಲಿಲ್ಲ."

ನಮಗೆ ಯಾರೂ ಹೇಳಲೇ ಇಲ್ಲವಲ್ಲ ಎಂದೆವು.

"ಹೇಳಿದ್ರೆ ನೀವು ಇನ್ನೊಂದರ ವಿಚಾರ ಕೇಳ್ತಿದ್ರಿ. ಆಮೇಲೆ ಪೆಟ್ಟಿಗೇನೇ ಮನೆ ಹತ್ರ ತರಬೇಡ ಅಂತಿದ್ರಿ" ಎಂದು ಅವನು ಸಹಜವಾಗಿ ಹೇಳಿ, ಕುರ್ಚಿಯ ಕಡೆ ಕೈ ತೋರಿಸಿದ. "ಕೂತ್ಕಳಿ, ಗಡ್ಡ ಮಾಡ್ತೀನಿ."

ನಾವು ಕುಳಿತೆವು. ಕನ್ನಡಿಯ ಪಕ್ಕದ ಗೂಡಿನಲ್ಲಿ ಊದುಬತ್ತಿಯ ಸ್ಟ್ಯಾಂಡಿನ ಹಿಂದೆ ಅವನು ಆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿದ. ಅದರಲ್ಲಿಯೇ ನೊರೆ ಹಚ್ಚುವನೇನೋ ಎಂದು ನಮಗೆ ಒಂದು ಕ್ಷಣ ಆಸೆಯಾಯಿತು. ಅವನು ಡಬ್ಬಿ ಒತ್ತಿ ಅಂಗೈಗೆ ನೊರೆ ಸುರಿದುಕೊಂಡ. ಈಗ ಗಿರಾಕಿಗಳು ಬ್ರಷ್ಷು ಮುಟ್ಟಿಸಲು ಬಿಡುವುದಿಲ್ಲ, ಕೊರೋನಾಕ್ಕೆ ಮುಂಚೆಯೇ ಬಿಡುತ್ತಿರಲಿಲ್ಲ ಎಂದ. ನಮ್ಮ ತಲೆಯನ್ನು ಹಿಂದಕ್ಕೆ ಒರಗಿಸಿ ಕೆನ್ನೆಗೆ ನೊರೆ ಹಚ್ಚುತ್ತಾ, ಮಾಸ್ಕಿನೊಳಗಿಂದಲೇ ನಗುತ್ತಾ ಕೇಳಿದ: "ತಾತನಿಗೆ ನೀವು ಇಪ್ಪತ್ತು ರೂಪಾಯಿ ಕೊಟ್ಟಿದ್ರಂತಲ್ಲ. ಅದನ್ನ ನಾನು ವಾಪಸ್ಸು ಕೊಡಬೇಕಾ ಮೇಷ್ಟ್ರೇ?"

ತುಟಿಯ ಮೇಲೆಲ್ಲ ನೊರೆ ಇದ್ದುದರಿಂದ ನಾವು ಬಾಯಿ ತೆರೆಯಲಿಲ್ಲ.